ಮನೆಯ ವೈಫೈಗೆ ಪ್ರಿಂಟರ್ ಜೋಡಿಸುವುದು: ಕರೆಂಟ್ ಹೋಗಿ ಬಂದರೂ ಕೈಕೊಡದ ಹಾಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯಲ್ಲೊಂದು ಪ್ರಿಂಟರ್ ಇದ್ದರೆ ಎಷ್ಟೋ ಓಡಾಟ ತಪ್ಪುತ್ತದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಹಾಲ್ ಟಿಕೆಟ್, 371ಜೆ ಸರ್ಟಿಫಿಕೇಟಿನ ಅರ್ಜಿ, ಎಲ್ಲವೂ ಈಗ ಫೋನಿಗೆ ಪಿಡಿಎಫ್ ಆಗಿ ಬರುತ್ತವೆ. ಆದರೆ ಕೌಂಟರಿನಲ್ಲಿ ಕೊಡಬೇಕಾದದ್ದು ಕಾಗದವೇ. ಆಧಾರ್, ಪಾಸ್‌ಬುಕ್‌ನಂಥವನ್ನು ಅಂಗಡಿಯವರ ಕಂಪ್ಯೂಟರಿಗೆ ಕಳಿಸಿ ಪ್ರಿಂಟ್ ತೆಗೆಸುವುದಕ್ಕಿಂತ ಮನೆಯಲ್ಲೇ ತೆಗೆಯುವುದು ಒಳ್ಳೆಯದು, ಅಲ್ವಾ?

ಅದಕ್ಕೇ ಜನ ವೈಫೈ ಇರುವ ಪ್ರಿಂಟರ್ ತರುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಕೊನೆಗೆ ಯುಎಸ್‌ಬಿ ವೈರಿಗೇ ಬಂದು ನಿಲ್ಲುತ್ತದೆ. "ವೈಫೈಗೆ ಹಾಕಿದ್ವಿ, ಚೆನ್ನಾಗೇ ಬಂತು, ಆಮೇಲೆ ಆಫ್‌ಲೈನ್ ಅಂತ ತೋರಿಸೋಕೆ ಶುರು ಮಾಡ್ತು" ಅನ್ನುವ ದೂರು ಎಲ್ಲ ಕಡೆ ಕೇಳಿಸುತ್ತದೆ. ಜೋಡಿಸುವುದು ಹತ್ತು ಹದಿನೈದು ನಿಮಿಷದ ಕೆಲಸ. ಜೋಡಿಸಿದ್ದು ಹಾಗೇ ಉಳಿಯಬೇಕಾದರೆ ಇನ್ನೊಂದು ಹತ್ತು ನಿಮಿಷ ಕೂರಬೇಕು. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಆ ಎರಡನೇ ಕೆಲಸವೇ ಮುಖ್ಯ. ಇಲ್ಲಿ ಎರಡನ್ನೂ ಹೇಳುತ್ತೇನೆ.

ಮೊದಲು ಪ್ರಿಂಟರ್ ಮಾದರಿ ನೋಡಿ

ಒಂದೇ ಥರ ಕಾಣುವ ಎರಡು ಪ್ರಿಂಟರ್‌ಗಳಲ್ಲಿ ಒಂದಕ್ಕೆ ವೈಫೈ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಎಪ್ಸನ್ ಎಲ್3210ಕ್ಕೆ ವೈಫೈ ಇಲ್ಲ, ಎಲ್3250ಕ್ಕೆ ಇದೆ. ಕ್ಯಾನನ್ ಜಿ2010ಕ್ಕೆ ಇಲ್ಲ, ಜಿ3010ಕ್ಕೆ ಇದೆ. ಎಚ್‌ಪಿ ಲೇಸರ್ 1008ಎ ಮತ್ತು 1008ಡಬ್ಲ್ಯೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುವುದು ಕಷ್ಟ. ಕೊನೆಯ 'ಡಬ್ಲ್ಯೂ' ಅಕ್ಷರವೇ ವೈಫೈ ಇದೆ ಅನ್ನುವುದರ ಗುರುತು. ಇನ್ನೂ ಕೊಂಡಿಲ್ಲವಾದರೆ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ನೀವೇ ಓದಿ. ಈಗಾಗಲೇ ಮನೆಯಲ್ಲಿದ್ದರೆ ಮುಂದಿನ ಪ್ಯಾನೆಲ್‌ನಲ್ಲಿ ವೈಫೈ ಗುರುತಿನ ಬಟನ್ ಅಥವಾ ದೀಪ ಇದೆಯಾ ನೋಡಿ.

ರೂಟರ್ ಕಡೆಯಿಂದ ತಯಾರಿ

ಮನೆಗೆ ಕೊಳ್ಳುವ ಹೆಚ್ಚಿನ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಫೈಬರ್ ಕನೆಕ್ಷನ್ ಜೊತೆ ಬರುವ ಈಗಿನ ಬಾಕ್ಸ್‌ಗಳು, ಅಂದರೆ ರೂಟರ್‌ಗಳು, 2.4 ಮತ್ತು 5 ಎರಡನ್ನೂ ಕೊಡುತ್ತವೆ. ನಿಮ್ಮ ಫೋನಿನ ವೈಫೈ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ, ಒಂದರ ಕೊನೆಗೆ '5ಜಿ' ಅಂತ ಸೇರಿ ಕಂಡರೆ ಎರಡು ಬೇರೆ ಬೇರೆ ಇವೆ ಅಂತ ಅರ್ಥ. ಪ್ರಿಂಟರ್ ಜೋಡಿಸುವಾಗ ಫೋನನ್ನು '5ಜಿ' ಇಲ್ಲದ ಹೆಸರಿಗೇ ಹಾಕಿಕೊಳ್ಳಿ. ಈ '5ಜಿ'ಗೂ ಸಿಮ್ ಕಾರ್ಡಿನ 5ಜಿಗೂ ಸಂಬಂಧವಿಲ್ಲ.

ಎರಡಕ್ಕೂ ಒಂದೇ ಹೆಸರಿದ್ದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಪ್ರಿಂಟರ್ ತನಗೆ ಬೇಕಾದ್ದನ್ನು ತಾನೇ ಹಿಡಿಯುತ್ತದೆ. ಹಿಡಿಯದಿದ್ದರೆ ರೂಟರ್ ಪುಟಕ್ಕೆ ಹೋಗಿ 5 ಗಿಗಾಹರ್ಟ್ಸ್ ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿ. ಪ್ರಿಂಟರ್ ಸೇರಿದ ಮೇಲೆ ಮತ್ತೆ ಆನ್ ಮಾಡಿದರಾಯಿತು. 2.4ಕ್ಕೆ ವೇಗ ಕಡಿಮೆ ಅಂತ ಬೇಸರ ಬೇಡ. ಪ್ರಿಂಟ್ ಕೆಲಸಕ್ಕೆ ಆ ವೇಗ ಧಾರಾಳ ಸಾಕು. ಮೇಲಾಗಿ ಗೋಡೆ ದಾಟುವುದರಲ್ಲಿ 5ಕ್ಕಿಂತ 2.4 ವಾಸಿ.

ರೂಟರ್ ಪುಟ ಅಂದರೆ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆದರೆ ತೆರೆಯುವ ಪುಟ. ಜಿಯೋ ಫೈಬರ್ ಬಾಕ್ಸ್‌ಗಳಲ್ಲಿ ಅದು 192.168.29.1. ಲಾಗಿನ್ ಹೆಸರು, ಪಾಸ್‌ವರ್ಡ್ ಹೆಚ್ಚಾಗಿ ಬಾಕ್ಸಿನ ಅಡಿಯ ಸ್ಟಿಕ್ಕರ್ ಮೇಲಿರುತ್ತವೆ. ಇಲ್ಲದಿದ್ದರೆ ಕನೆಕ್ಷನ್ ಕೊಟ್ಟ ಹುಡುಗನನ್ನು ಕೇಳಿ ಬರೆದಿಟ್ಟುಕೊಳ್ಳಿ. ಈ ಲೇಖನದಲ್ಲಿ ಇದು ಮತ್ತೊಮ್ಮೆ ಬೇಕಾಗುತ್ತದೆ.

ಅಲ್ಲೇ ಇನ್ನೆರಡು ವಿಷಯ ನೋಡಿಬಿಡಿ. ಸೆಕ್ಯುರಿಟಿ ಜಾಗದಲ್ಲಿ ಡಬ್ಲ್ಯೂಪಿಎ3 ಒಂದೇ ಇದ್ದರೆ ಹಳೆಯ ಪ್ರಿಂಟರ್‌ಗಳು ಸೇರುವುದಿಲ್ಲ. ಡಬ್ಲ್ಯೂಪಿಎ2, ಇಲ್ಲವೇ ಎರಡೂ ಸೇರಿದ ಆಯ್ಕೆ ಇಡಿ. ಎರಡನೆಯದು ಗೆಸ್ಟ್ ವೈಫೈ. ಬಂದವರಿಗೆ ಅಂತ ಬೇರೆ ಹೆಸರಿನ ವೈಫೈ ಇಟ್ಟಿದ್ದರೆ ಪ್ರಿಂಟರನ್ನು ಅದಕ್ಕೆ ಹಾಕಬೇಡಿ. ಗೆಸ್ಟ್ ವೈಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ತಡೆ ಇರುತ್ತದೆ.

ಎಲ್ಲಿ ಇಡಬೇಕು

ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಕೊಪ್ಪಳದಲ್ಲಿ ನಮ್ಮ ಕಾಕಾ ಅವರದು ಹಳೇ ಕಲ್ಲಿನ ಮನೆ. ಕೈ ಚಾಚಿದರೂ ಆಚೆ ಬದಿ ಸಿಗದಷ್ಟು ದಪ್ಪ ಗೋಡೆ. ರೂಟರ್ ಪಡಸಾಲೆಯಲ್ಲಿ, ಪ್ರಿಂಟರ್ ಒಳಗಿನ ಕೋಣೆಯಲ್ಲಿ ಕಬ್ಬಿಣದ ಬೀರು ಪಕ್ಕ. ಪ್ರಿಂಟರ್ ಒಮ್ಮೆ ಸೇರುತ್ತಿತ್ತು, ಒಮ್ಮೆ ಬಿಡುತ್ತಿತ್ತು. "ತಮ್ಮಾ, ಇಲ್ಲೇ ಕುಂತ್ರೂ ಫೋನಿಗೆ ನೆಟ್ ಬರ್ತೈತಿ, ಇದಕ್ಯಾಕ ಬರವಲ್ದು?" ಅಂತ ಕಾಕಾ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಒಳಗಿನ ಕೋಣೆಗೆ ಹೋದ ಕೂಡಲೇ ಅವರ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬದಲಾಗುತ್ತಿತ್ತು. ಅವರಿಗೆ ನೆಟ್ ನಿಲ್ಲುತ್ತಲೇ ಇರಲಿಲ್ಲ, ಹಾಗಾಗಿ ವೈಫೈ ಅಲ್ಲಿಗೆ ಬರುತ್ತಿಲ್ಲ ಅನ್ನುವುದೇ ಗೊತ್ತಾಗಿರಲಿಲ್ಲ. ಪ್ರಿಂಟರ್‌ಗೆ ಅಂಥ ಎರಡನೇ ದಾರಿ ಇಲ್ಲ.

ಪ್ರಿಂಟರನ್ನು ಬಾಗಿಲಿಗೆ ನೇರವಾಗಿ ಬರುವ ಹಾಗೆ ಈಚೆ ಗೋಡೆಯ ಗೂಡಿನ ಕೆಳಗೆ ಸ್ಟೂಲ್ ಮೇಲೆ ಇಟ್ಟೆವು. ಅಲ್ಲಿಗೆ ಸಮಸ್ಯೆ ಮುಗಿಯಿತು. ಬೇರೆ ಏನೂ ಕೊಳ್ಳಬೇಕಾಗಲಿಲ್ಲ.

ನೀವೂ ಹೀಗೆ ಪರೀಕ್ಷೆ ಮಾಡಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಪ್ರಿಂಟರ್ ಇಡುವ ಜಾಗದಲ್ಲೇ ಫೋನ್ ಇಟ್ಟು ಒಂದು ವಿಡಿಯೋ ಹಾಕಿ. ಅದು ತಡೆಯಿಲ್ಲದೆ ಓಡಿದರೆ ಜಾಗ ಸರಿ ಇದೆ. ರೂಟರನ್ನು ಟಿವಿ ಹಿಂದೆ, ಬೀರು ಮೇಲೆ, ಫ್ರಿಜ್ ಪಕ್ಕ ಇಡಬೇಡಿ. ಆದಷ್ಟು ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ ಇರಲಿ. ಮೊದಲ ಸಲ ಜೋಡಿಸುವಾಗ ಮಾತ್ರ ಪ್ರಿಂಟರನ್ನು ರೂಟರ್ ಇರುವ ಕೋಣೆಗೇ ತಂದುಕೊಳ್ಳಿ. ಆಮೇಲೆ ಅದರ ಜಾಗಕ್ಕೆ ಒಯ್ಯಬಹುದು.

ಜೋಡಿಸುವ ದಾರಿಗಳು

ಪ್ರಿಂಟರ್‌ಗೆ ಸ್ಕ್ರೀನ್ ಇದ್ದರೆ ಕೆಲಸ ಸುಲಭ. ಮೆನುವಿನಲ್ಲಿ ನೆಟ್‌ವರ್ಕ್ ಅಥವಾ ವೈರ್‌ಲೆಸ್ ಅಂತ ಇರುತ್ತದೆ, ಅದರೊಳಗೆ ವೈರ್‌ಲೆಸ್ ಸೆಟಪ್ ವಿಝರ್ಡ್. ಅದು ಸುತ್ತಲಿನ ವೈಫೈ ಹೆಸರುಗಳನ್ನು ತೋರಿಸುತ್ತದೆ. ನಿಮ್ಮದನ್ನು ಆರಿಸಿ ಪಾಸ್‌ವರ್ಡ್ ಹಾಕಿ. ದೊಡ್ಡಕ್ಷರ ಸಣ್ಣಕ್ಷರ ಸರಿಯಾಗಿರಲಿ. ಸೊನ್ನೆ ಮತ್ತು 'ಓ' ಅಕ್ಷರ ಒಂದೇ ಥರ ಕಾಣುವುದರಿಂದ ಅಲ್ಲಿ ತಪ್ಪು ಜಾಸ್ತಿ.

ಸ್ಕ್ರೀನ್ ಇಲ್ಲದ ಪ್ರಿಂಟರ್‌ಗಳೇ ನಮ್ಮ ಮನೆಗಳಲ್ಲಿ ಹೆಚ್ಚು. ಅವಕ್ಕೆ ಕಂಪನಿಯ ಆ್ಯಪ್ ಒಳ್ಳೆಯ ದಾರಿ. ಎಚ್‌ಪಿಗೆ ಎಚ್‌ಪಿ ಆ್ಯಪ್, ಎಪ್ಸನ್‌ಗೆ ಎಪ್ಸನ್ ಸ್ಮಾರ್ಟ್ ಪ್ಯಾನೆಲ್, ಕ್ಯಾನನ್‌ಗೆ ಕ್ಯಾನನ್ ಪ್ರಿಂಟ್, ಬ್ರದರ್‌ಗೆ ಬ್ರದರ್ ಮೊಬೈಲ್ ಕನೆಕ್ಟ್. ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ಆ್ಯಪ್ ತೆರೆಯುವ ಮೊದಲು ಫೋನಿನಲ್ಲಿ ಬ್ಲೂಟೂತ್ ಮತ್ತು ಲೊಕೇಶನ್ ಎರಡನ್ನೂ ಆನ್ ಮಾಡಿ. ಲೊಕೇಶನ್ ಯಾಕೆ ಬೇಕು ಅಂತ ಅನಿಸಬಹುದು. ಸುತ್ತಮುತ್ತ ಯಾವ ವೈಫೈ ಇದೆ ಅಂತ ಹುಡುಕಲು ಆಂಡ್ರಾಯ್ಡ್ ಆ ಅನುಮತಿ ಕೇಳುತ್ತದೆ. ಕೊಡದಿದ್ದರೆ ಆ್ಯಪ್‌ಗೆ ಪ್ರಿಂಟರ್ ಕಾಣುವುದೇ ಇಲ್ಲ. ಮೊಬೈಲ್ ಡೇಟಾ ಆಫ್ ಇರಲಿ. ವಿಪಿಎನ್ (ನೆಟ್ಟನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಆ್ಯಪ್) ಇದ್ದರೆ ಅದೂ ಆಫ್ ಇರಲಿ.

ಹೊಸ ಪ್ರಿಂಟರ್ ಆನ್ ಮಾಡಿದಾಗ ಅದು ತಾನಾಗೇ ಸೆಟಪ್ ಸ್ಥಿತಿಯಲ್ಲಿರುತ್ತದೆ, ವೈಫೈ ದೀಪ ಮಿಣುಗುತ್ತಿರುತ್ತದೆ. ಎಚ್‌ಪಿಯಲ್ಲಿ ಈ ಸ್ಥಿತಿ ಸಾಮಾನ್ಯವಾಗಿ ಎರಡು ಗಂಟೆ ಇರುತ್ತದೆ. ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿ, ಊಟ ಮುಗಿಸಿ ಮಧ್ಯಾಹ್ನ ಕೂತರೆ ಅದು ಮುಗಿದಿರುತ್ತದೆ. ಆಗ ವೈರ್‌ಲೆಸ್ ಬಟನ್ ಒತ್ತಿ ಹಿಡಿದು ಸೆಟಪ್ ಸ್ಥಿತಿಗೆ ಮತ್ತೆ ತರಬೇಕು. ಕೆಲವು ಮಾದರಿಗಳಲ್ಲಿ ಆ ಬಟನ್ ಹಿಂಭಾಗದಲ್ಲಿದೆ. ಹಳೆಯ ಡೆಸ್ಕ್‌ಜೆಟ್‌ಗಳಲ್ಲಿ ವೈರ್‌ಲೆಸ್ ಮತ್ತು ಕ್ಯಾನ್ಸಲ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಬೇರೆಯವರಿಂದ ಕೊಂಡ ಹಳೇ ಪ್ರಿಂಟರ್ ಆದರೂ ಇದೇ ಕ್ರಮ. ಅವರ ಮನೆಯ ವೈಫೈ ನೆನಪು ಅಳಿಸಿದ ಮೇಲೆಯೇ ಅದು ನಿಮ್ಮದಕ್ಕೆ ಬರುತ್ತದೆ.

ಆಮೇಲೆ ಆ್ಯಪ್‌ನಲ್ಲಿ 'ಆಡ್ ಪ್ರಿಂಟರ್' ಒತ್ತಿ. ಪ್ರಿಂಟರ್ ಹೆಸರು ಬಂದರೆ ಆರಿಸಿ, ಮನೆಯ ವೈಫೈ ಪಾಸ್‌ವರ್ಡ್ ಕೊಡಿ. ನಡುವೆ ಫೋನ್ ಒಂದು ಕ್ಷಣ ಪ್ರಿಂಟರಿನ ಸ್ವಂತ ವೈಫೈಗೆ ಹೋಗುತ್ತದೆ. "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಬೇರೆಗೆ ಬದಲಿಸಲಾ?" ಅಂತ ಫೋನ್ ಕೇಳಿದರೆ ಬೇಡ ಅನ್ನಿ. ಬದಲಿಸಿದರೆ ಅರ್ಧಕ್ಕೇ ನಿಂತು ಹೋಗುತ್ತದೆ. ಮಿಣುಗುತ್ತಿದ್ದ ದೀಪ ಸ್ಥಿರವಾಗಿ ಉರಿಯತೊಡಗಿದರೆ ಪ್ರಿಂಟರ್ ಸೇರಿತು ಅಂತ.

ಇನ್ನೊಂದು ದಾರಿ ಡಬ್ಲ್ಯೂಪಿಎಸ್. ರೂಟರ್ ಮೇಲೆ ಆ ಹೆಸರಿನ ಬಟನ್ ಇದ್ದರೆ ಪಾಸ್‌ವರ್ಡ್ ಹಾಕುವ ಕೆಲಸವೇ ಇಲ್ಲ. ಪ್ರಿಂಟರಿನ ವೈಫೈ ಬಟನ್ನನ್ನು ಮೂರರಿಂದ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ದೀಪ ಮಿಣುಗಲು ಶುರುವಾಗುತ್ತದೆ. ಎರಡು ನಿಮಿಷದೊಳಗೆ ರೂಟರಿನ ಡಬ್ಲ್ಯೂಪಿಎಸ್ ಬಟನ್ ಒತ್ತಿ. ಆ ಎರಡು ನಿಮಿಷ ಮೀರಿದರೆ ಮತ್ತೆ ಮೊದಲಿಂದ. ಬಟನ್ ಒತ್ತುವಾಗ ಪಕ್ಕದ ರೀಸೆಟ್ ಒತ್ತದ ಹಾಗೆ ಜೋಪಾನ. ಕೆಲವು ರೂಟರ್‌ಗಳಲ್ಲಿ ಎರಡಕ್ಕೂ ಒಂದೇ ಬಟನ್ ಇರುತ್ತದೆ. ಜಾಸ್ತಿ ಹೊತ್ತು ಹಿಡಿದರೆ ರೂಟರ್ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗಿ ಇಂಟರ್ನೆಟ್ಟೇ ನಿಲ್ಲುತ್ತದೆ. ಡಬ್ಲ್ಯೂಪಿಎಸ್‌ನಲ್ಲಿ ಬಟನ್ ಬದಲು ಅಂಕಿ ಹಾಕುವ ಪಿನ್ ವಿಧಾನವೂ ಇದೆ, ಅದರಲ್ಲಿ ಭದ್ರತೆಯ ದೋಷ ಇದೆ ಅಂತ 2011ರಲ್ಲೇ ಬಯಲಾಗಿದೆ. ಅದಕ್ಕೆ ನನ್ನ ಸಲಹೆ: ಬಟನ್ ವಿಧಾನ ಮಾತ್ರ ಬಳಸಿ, ಕೆಲಸ ಮುಗಿದ ಮೇಲೆ ರೂಟರ್ ಪುಟದಲ್ಲಿ ಡಬ್ಲ್ಯೂಪಿಎಸ್ ಆಫ್ ಮಾಡಿ.

ನೆಟ್‌ವರ್ಕ್ ವರದಿ ಹಾಳೆ: ಇದನ್ನು ಬಿಡಬೇಡಿ

ಪ್ರಿಂಟರ್ ಸೇರಿದ ಮೇಲೆ ಅದರಿಂದಲೇ ಒಂದು ವರದಿ ಹಾಳೆ ತೆಗೆಯಿರಿ. ಎಚ್‌ಪಿಯಲ್ಲಿ ಹೆಚ್ಚಾಗಿ ವೈರ್‌ಲೆಸ್ ಮತ್ತು 'ಐ' ಗುರುತಿನ ಬಟನ್ ಒಟ್ಟಿಗೆ ಒತ್ತಬೇಕು. ಎಪ್ಸನ್‌ನಲ್ಲಿ ನೆಟ್‌ವರ್ಕ್ ಸ್ಟೇಟಸ್ ಬಟನ್ ಇದೆ. ಈ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ತುಂಬಾ ಸಾಲುಗಳಿರುತ್ತವೆ. ನಿಮಗೆ ಬೇಕಾದದ್ದು ನಾಲ್ಕೇ.

ಒಂದು, ಎಸ್‌ಎಸ್‌ಐಡಿ. ಅಂದರೆ ವೈಫೈ ಹೆಸರು. ಅಲ್ಲಿ ನಿಮ್ಮ ಮನೆಯ ಹೆಸರೇ ಇರಬೇಕು. 'ಡೈರೆಕ್ಟ್' ಅಂತ ಶುರುವಾಗುವ ಹೆಸರು ಪ್ರಿಂಟರಿನ ಸ್ವಂತ ವೈಫೈ, ಅದು ಬೇರೆ. ಎರಡು, ಐಪಿ ಅಡ್ರೆಸ್. ಅಂದರೆ ಪ್ರಿಂಟರ್‌ಗೆ ರೂಟರ್ ಕೊಟ್ಟ ವಿಳಾಸ. 192.168 ಎಂದು ಶುರುವಾಗಿ, ಎರಡನೇ ಚುಕ್ಕೆಯ ನಂತರದ ಸಂಖ್ಯೆ ನಿಮ್ಮ ರೂಟರಿನದಕ್ಕೆ ಹೊಂದಬೇಕು. 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಪ್ರಿಂಟರ್ ತಾನೇ ಒಂದು ಹಾಕಿಕೊಂಡಿದೆ ಅಂತ. ಆಗ ಕಂಪ್ಯೂಟರ್ ಮುಂದೆ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿ, ಪ್ರಿಂಟರನ್ನು ಮತ್ತೆ ಜೋಡಿಸಿ. ಮೂರು, ಮ್ಯಾಕ್ ಅಡ್ರೆಸ್. ಇದು ಪ್ರಿಂಟರಿನ ಸ್ವಂತ ಗುರುತು, ಎರಡೆರಡು ಅಕ್ಷರದ ಆರು ಜೋಡಿ. ನಾಲ್ಕು, ಸಿಗ್ನಲ್. ಕೆಲವು ಪ್ರಿಂಟರ್‌ಗಳು ಗುಡ್, ಪೂರ್ ಅಂತ ಬರೆಯುತ್ತವೆ, ಕೆಲವು ಮೈನಸ್ ಅಂಕಿ ಕೊಡುತ್ತವೆ. ಮೈನಸ್ 50ರ ಆಸುಪಾಸು ಬಹಳ ಚೆನ್ನ. ಮೈನಸ್ 70 ದಾಟಿ 80ರ ಕಡೆಗೆ ಹೋದರೆ ಜಾಗ ಬದಲಿಸಬೇಕು.

ಈ ಹಾಳೆಯನ್ನು ಪ್ರಿಂಟರ್ ಕೆಳಗೇ ಮಡಚಿಡಿ.

ಫೋನು, ಕಂಪ್ಯೂಟರ್

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟಿಂಗ್' ಅಂತ ಹುಡುಕಿ, 'ಡಿಫಾಲ್ಟ್ ಪ್ರಿಂಟ್ ಸರ್ವಿಸ್' ಆನ್ ಮಾಡಿ. ಆಮೇಲೆ ಯಾವುದೇ ಪಿಡಿಎಫ್ ತೆರೆದು ಪ್ರಿಂಟ್ ಒತ್ತಿದರೆ ಪ್ರಿಂಟರ್ ಹೆಸರು ಬರುತ್ತದೆ. ಐಫೋನಿನಲ್ಲಿ ಏರ್‌ಪ್ರಿಂಟ್ ಮೊದಲೇ ಇದೆ; ಪ್ರಿಂಟರಿನಲ್ಲೂ ಏರ್‌ಪ್ರಿಂಟ್ ಇದ್ದರೆ ಶೇರ್ ಒತ್ತಿ ಪ್ರಿಂಟ್ ಆರಿಸಿದರೆ ಸಾಕು, ಇಲ್ಲದಿದ್ದರೆ ಕಂಪನಿಯ ಆ್ಯಪ್‌ನಿಂದ ಪ್ರಿಂಟ್ ಕೊಡಿ. ಫೋನ್ ಮತ್ತು ಪ್ರಿಂಟರ್ ಒಂದೇ ರೂಟರಿನಲ್ಲಿದ್ದರೆ, ಒಂದು 5 ಗಿಗಾಹರ್ಟ್ಸ್‌ನಲ್ಲಿ ಇನ್ನೊಂದು 2.4ರಲ್ಲಿ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಬ್ಲೂಟೂತ್ ಅಂಡ್ ಡಿವೈಸಸ್, ಅಲ್ಲಿಂದ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್. 'ಆಡ್ ಡಿವೈಸ್' ಒತ್ತಿ ಸ್ವಲ್ಪ ಕಾಯಿರಿ. ಹೆಸರು ಬಂದರೆ ಸೇರಿಸಿ. ಬರದಿದ್ದರೆ ಮೊದಲು ನಿಮ್ಮ ವೈಫೈ 'ಪ್ರೈವೇಟ್' ಅಂತ ಇದೆಯಾ ನೋಡಿ. 'ಪಬ್ಲಿಕ್' ಅಂತಿದ್ದರೆ ವಿಂಡೋಸ್ ಬೇರೆ ಸಾಧನಗಳನ್ನು ಹುಡುಕುವುದಿಲ್ಲ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಓಡುತ್ತಿದ್ದರೂ ಮನೆಯ ಪ್ರಿಂಟರ್ ಕಾಣದೆ ಹೋಗಬಹುದು. ಹಿಂದೆ ಯುಎಸ್‌ಬಿ ವೈರಿನಿಂದ ಇದೇ ಪ್ರಿಂಟರ್ ಸೇರಿಸಿದ್ದರೆ ಪಟ್ಟಿಯಲ್ಲಿ ಆ ಹಳೇ ಹೆಸರು ಇನ್ನೂ ಇರುತ್ತದೆ. ಅದನ್ನು ತೆಗೆದುಹಾಕಿ. ಇಲ್ಲದಿದ್ದರೆ ಪ್ರಿಂಟ್ ಅದಕ್ಕೇ ಹೋಗಿ ನಿಲ್ಲುತ್ತದೆ.

ವಿಳಾಸ ಖಾಯಂ ಮಾಡಿ

ಎರಡನೇ ಹತ್ತು ನಿಮಿಷದ ಕೆಲಸ ಇದೇ.

ರೂಟರ್ ತನ್ನಲ್ಲಿ ಸೇರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಕೊಟ್ಟಿದ್ದು ತಾತ್ಕಾಲಿಕ. ಕರೆಂಟ್ ಹೋಗಿ ಬಂದಾಗ ಫೋನ್, ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ಮತ್ತೆ ವಿಳಾಸ ಕೇಳುತ್ತವೆ. ಎಷ್ಟೋ ರೂಟರ್‌ಗಳು ಹಿಂದೆ ಯಾರಿಗೆ ಏನು ಕೊಟ್ಟಿದ್ದೆ ಅನ್ನುವುದನ್ನು ಮರೆತಿರುತ್ತವೆ. ನಿನ್ನೆ ಪ್ರಿಂಟರ್‌ಗಿದ್ದ 192.168.1.5 ಇವತ್ತು ಟಿವಿಗೆ ಹೋಗಿರಬಹುದು, ಪ್ರಿಂಟರ್‌ಗೆ 192.168.1.9 ಸಿಕ್ಕಿರಬಹುದು. ಕಂಪ್ಯೂಟರ್ ಮಾತ್ರ 5ಕ್ಕೇ ಕಳಿಸುತ್ತಿರುತ್ತದೆ. ಬಾಡಿಗೆ ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ಕಾಗದ ಹಾಕಿದ ಹಾಗೆ. ಪ್ರಿಂಟರ್ ಸರಿ ಇದೆ, ವೈಫೈ ಸರಿ ಇದೆ, ಆದರೂ ಪರದೆಯ ಮೇಲೆ 'ಆಫ್‌ಲೈನ್'.

ಇದನ್ನು ತಪ್ಪಿಸಲು ರೂಟರ್ ಪುಟಕ್ಕೆ ಹೋಗಿ. ಲ್ಯಾನ್ ಅಥವಾ ಡಿಎಚ್‌ಸಿಪಿ ಭಾಗದಲ್ಲಿ 'ಅಡ್ರೆಸ್ ರಿಸರ್ವೇಶನ್', 'ಸ್ಟ್ಯಾಟಿಕ್ ಡಿಎಚ್‌ಸಿಪಿ', 'ಡಿಎಚ್‌ಸಿಪಿ ಬೈಂಡಿಂಗ್', ಈ ಮೂರರಲ್ಲಿ ಒಂದು ಹೆಸರು ಇರುತ್ತದೆ. ಅಲ್ಲಿ ವರದಿ ಹಾಳೆಯಲ್ಲಿರುವ ಮ್ಯಾಕ್ ಅಡ್ರೆಸ್ ಹಾಕಿ. ಪಕ್ಕದಲ್ಲಿ ಅದಕ್ಕೆ ಕೊಡಬೇಕಾದ ಐಪಿ ಹಾಕಿ, ಉದಾಹರಣೆಗೆ 192.168.1.50. ಕೊನೆಯ ಚುಕ್ಕೆಗಿಂತ ಹಿಂದಿನ ಮೂರು ಸಂಖ್ಯೆ ನಿಮ್ಮ ರೂಟರಿನವೇ ಇರಲಿ. ಸೇವ್ ಮಾಡಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೊಸ ವರದಿ ಹಾಳೆ ತೆಗೆದು 50 ಬಂದಿದೆಯಾ ನೋಡಿ. ಇನ್ನು ಮೇಲೆ ಎಷ್ಟು ಸಲ ಕರೆಂಟ್ ಹೋದರೂ ಪ್ರಿಂಟರ್‌ಗೆ ಅದೇ ವಿಳಾಸ.

ಆಮೇಲೆ ಕಂಪ್ಯೂಟರಿಗೂ ಇದನ್ನು ತಿಳಿಸಬೇಕು. 'ಆಡ್ ಡಿವೈಸ್' ಪಕ್ಕದಲ್ಲೇ ಕೈಯಿಂದ ಸೇರಿಸುವ 'ಆಡ್ ಮ್ಯಾನುಯಲಿ' ಬರುತ್ತದೆ. ಅದರಲ್ಲಿ ಐಪಿ ಅಡ್ರೆಸ್ ಮೂಲಕ ಸೇರಿಸುವ ಆಯ್ಕೆ ತೆಗೆದುಕೊಂಡು 192.168.1.50 ಹಾಕಿ. ಹಳೆಯ ಹೆಸರು ತೆಗೆದು ಇದನ್ನೇ ಡಿಫಾಲ್ಟ್ ಮಾಡಿ. 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಅನ್ನುವುದನ್ನು ಆಫ್ ಮಾಡಿ.

ಆದರೂ ಆಫ್‌ಲೈನ್ ಬಂದರೆ

ಕರೆಂಟ್ ಬಂದ ಕೂಡಲೇ ಪ್ರಿಂಟ್ ಕೊಡಬೇಡಿ. ಪ್ರಿಂಟರ್ ಬೇಗ ಎದ್ದು ಕೂರುತ್ತದೆ, ಫೈಬರ್ ಬಾಕ್ಸಿಗೆ ಕೆಲವು ನಿಮಿಷ ಬೇಕು. ಕಾದು ನೋಡಿ, ವೈಫೈ ದೀಪ ಸ್ಥಿರ ಆಗದಿದ್ದರೆ ಪ್ರಿಂಟರನ್ನು ಮಾತ್ರ ಒಮ್ಮೆ ಆಫ್-ಆನ್ ಮಾಡಿ.

ದೀಪ ಸ್ಥಿರ ಇದ್ದೂ ಪ್ರಿಂಟ್ ಬರದಿದ್ದರೆ, ಫೋನಿನ ಬ್ರೌಸರಿನಲ್ಲಿ ಪ್ರಿಂಟರಿನ ಐಪಿ ಅಡ್ರೆಸ್ ಹೊಡೆಯಿರಿ. ಹೆಚ್ಚಿನ ಪ್ರಿಂಟರ್‌ಗಳಲ್ಲಿ ಅದರದೇ ಒಂದು ಪುಟ ತೆರೆಯುತ್ತದೆ. ತೆರೆದರೆ ವೈಫೈ ಕಡೆ ತಪ್ಪಿಲ್ಲ, ತೊಂದರೆ ಕಂಪ್ಯೂಟರಿನಲ್ಲಿ. ಪ್ರಿಂಟ್ ಪಟ್ಟಿಯಲ್ಲಿ ಸಿಕ್ಕಿಕೊಂಡ ಹಳೇ ಕೆಲಸಗಳನ್ನೆಲ್ಲ ಕ್ಯಾನ್ಸಲ್ ಮಾಡಿ. ಅವು ಹೋಗದಿದ್ದರೆ ವಿಂಡೋಸ್ ಹುಡುಕಾಟದಲ್ಲಿ 'ಸರ್ವಿಸಸ್' ತೆರೆದು 'ಪ್ರಿಂಟ್ ಸ್ಪೂಲರ್' ಮೇಲೆ ಬಲಗಡೆ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಪುಟ ತೆರೆಯದಿದ್ದರೆ ಮೊದಲು ಸಿಗ್ನಲ್ ಮತ್ತು ಜಾಗ ನೋಡಿ.

ಇಂಟರ್ನೆಟ್ ಇಲ್ಲದಿದ್ದರೆ ಪ್ರಿಂಟ್ ಬರಲ್ಲ ಅಂದುಕೊಂಡು ಎಷ್ಟೋ ಜನ ಸುಮ್ನೆ ಕಾಯುತ್ತಾರೆ. ಫೈಬರ್ ಕಟ್ ಆಗಿದ್ದರೂ ರೂಟರ್ ಆನ್ ಇದ್ದರೆ ಸಾಕು, ಫೋನಿನಲ್ಲಿ ಇಳಿಸಿಕೊಂಡ ಪಿಡಿಎಫ್ ಸಾಮಾನ್ಯ ಪ್ರಿಂಟ್ ಆಯ್ಕೆಯಿಂದ ಬರುತ್ತದೆ. ಖಾತೆಗೆ ಲಾಗಿನ್ ಆಗಿ, ನೆಟ್ ಇದ್ದರೆ ಮಾತ್ರ ಪ್ರಿಂಟ್ ಮಾಡುವ ಕೆಲವು ಮಾದರಿಗಳು ಇದಕ್ಕೆ ಹೊರತು.

ಇನ್ವರ್ಟರ್ ಮತ್ತು ಬೇಸಿಗೆ

ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿ, ಇಲ್ಲವೇ ರೂಟರ್‌ಗೆಂದೇ ಬರುವ ಸಣ್ಣ ಯುಪಿಎಸ್ ಹಾಕಿ. ಕೊಳ್ಳುವಾಗ ರೂಟರ್ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಂಡು ಹೋಗಿ. ಇಂಕ್ ಪ್ರಿಂಟರ್ ಪ್ರಿಂಟ್ ಮಾಡುವಾಗಲೂ ಸುಮಾರು 10–20 ವಾಟ್ ತಿನ್ನುತ್ತದೆ, ಇನ್ವರ್ಟರಿಗೆ ಭಾರವಲ್ಲ. ಲೇಸರ್ ಪ್ರಿಂಟರ್ ಹಾಗಲ್ಲ. ಪುಡಿಯನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುವ ರೋಲರ್ ಕಾಯಲು ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಅದನ್ನು ನೇರ ಕರೆಂಟಿಗೇ ಇಡಿ.

ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಇಂಕ್ ಪ್ರಿಂಟರಿನ ತೂತುಗಳಲ್ಲಿ ಮಸಿ ಗಟ್ಟಿಯಾಗುವ ಕಾಲ ಅದು. ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ. ಆಫ್ ಮಾಡುವಾಗ ಯಾವಾಗಲೂ ಪ್ರಿಂಟರಿನ ಬಟನ್ನಿಂದಲೇ ಆಫ್ ಮಾಡಿ, ಆಮೇಲೆ ಬೋರ್ಡ್ ಸ್ವಿಚ್. ಬಟನ್ ಒತ್ತಿದಾಗ ಮಸಿಯ ಹೆಡ್ ತನ್ನ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಬೋರ್ಡಿನಿಂದಲೇ ತೆಗೆದರೆ ಅದು ನಡುದಾರಿಯಲ್ಲಿ ತೆರೆದೇ ನಿಂತು ಒಣಗಬಹುದು. ಸಂಡೂರಿನ ಕಡೆ ಕೆಂಪು ಧೂಳು ಜಾಸ್ತಿ ಇರುವ ಮನೆಗಳಲ್ಲಿ ಮೇಲೊಂದು ಬಟ್ಟೆ ಹೊದಿಸಿಡಿ, ಪ್ರಿಂಟ್ ಮಾಡುವಾಗ ತೆಗೆಯಿರಿ.

ರೂಟರ್ ಬದಲಾದಾಗ

ಕಂಪನಿ ಬದಲಿಸಿದರೆ ಹೊಸ ಬಾಕ್ಸ್ ಹೊಸ ಹೆಸರು, ಹೊಸ ಪಾಸ್‌ವರ್ಡ್ ಜೊತೆ ಬರುತ್ತದೆ. ಪ್ರಿಂಟರ್ ಹಳೆಯದನ್ನೇ ಹುಡುಕುತ್ತಾ ಕೂರುತ್ತದೆ. ಹೊಸ ಬಾಕ್ಸ್ ಹಾಕಲು ಬಂದವರಿಗೆ ಅಲ್ಲೇ ಹೇಳಿ, ಹಳೇ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಹಾಕಿಸಿ. ಸೆಕ್ಯುರಿಟಿ ಆಯ್ಕೆಯೂ ಮೊದಲಿನದೇ ಇರಲಿ. ಪ್ರಿಂಟರ್, ಟಿವಿ, ಫೋನ್ ಎಲ್ಲವೂ ತಾವಾಗೇ ಸೇರಿಕೊಳ್ಳುತ್ತವೆ. ವಿಳಾಸ ಖಾಯಂ ಮಾಡುವ ಕೆಲಸ ಮಾತ್ರ ಹೊಸ ರೂಟರಿನಲ್ಲಿ ಮತ್ತೊಮ್ಮೆ ಮಾಡಬೇಕು. ಮ್ಯಾಕ್ ಅಡ್ರೆಸ್ ಪ್ರಿಂಟರಿನದೇ ಆದ್ದರಿಂದ ಅದು ಬದಲಾಗಿರುವುದಿಲ್ಲ. ಮಡಚಿಟ್ಟ ಹಳೇ ಹಾಳೆಯಿಂದಲೇ ನೋಡಿ ಹಾಕಬಹುದು.